ಅಂಕಿಗೆ ಮೊದಲು ಮಣ್ಣನ್ನು ಕಲಿಯಿರಿ



ಹೆಗ್ಗನಹಳ್ಳಿ, ಸುಂಕದಕಟ್ಟೆ, ಲಗ್ಗೆರೆಯ ಮನೆಗಳಿಂದ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರವನ್ನೋ ಭೂವಿಜ್ಞಾನವನ್ನೋ ಓದುತ್ತಿರುವವರು ನೀವು. ಲೇತ್ ಮೆಷಿನ್ ಮುಂದೆ ನಿಂತು ದುಡಿದ ಅಪ್ಪ, ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಮ್ಮ ನಿಮ್ಮನ್ನು ಓದಿಸಿದ್ದಾರೆ. ಕೆಲವರು ಈಗಾಗಲೇ ಪೀಣ್ಯದ ಸುತ್ತಮುತ್ತಲಿನ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಬಿಳಿ ಕೋಟು ತೊಟ್ಟಿದ್ದೀರಿ. ಹೊಲದ ಮಣ್ಣು, ಗಣಿಯ ಅದಿರು, ಒಡೆದ ಕಲ್ಲು, ಬೋರ್‌ವೆಲ್ ನೀರು ನಿಮ್ಮ ಮೇಜಿಗೆ ಬರುತ್ತವೆ. ಅದರಲ್ಲಿ ಸೀಸ ಎಷ್ಟು, ಕ್ರೋಮಿಯಂ ಎಷ್ಟು, ಕಬ್ಬಿಣ ಎಷ್ಟು ಎಂದು ಬರೆದು ಕೆಳಗೆ ಸಹಿ ಹಾಕುತ್ತೀರಿ.

ಬದುಕಿನ ಬಹುಭಾಗವನ್ನು ಇದೇ ಕೆಲಸದಲ್ಲಿ ಕಳೆದ ಹಿರಿಜೀವವಾಗಿ ನಿಮಗೆ ಒಂದು ಮಾತು ಹೇಳಬೇಕು. ಯಾವ ದ್ರಾವಣ ಕೊಟ್ಟರೂ ಯಂತ್ರ ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ. ಆ ಅಂಕಿ ನಿಜವೋ ಅಲ್ಲವೋ ಎಂಬುದು ಯಂತ್ರದ ಗುಂಡಿ ಒತ್ತುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಮಣ್ಣನ್ನು ಎಲ್ಲಿಂದ ತೆಗೆದಿರಿ, ಯಾವುದರಲ್ಲಿ ಕುಟ್ಟಿದಿರಿ, ಯಾವ ಆಮ್ಲದಲ್ಲಿ ಕರಗಿಸಿದಿರಿ, ಅಲ್ಲೇ ಅದರ ಹಣೆಬರಹ. ಆದ್ದರಿಂದ ಯಂತ್ರಕ್ಕೆ ಮೊದಲು ಮಣ್ಣನ್ನು ಕಲಿಯಿರಿ. ಅಂಕಿ ಬಂದ ಮೇಲೆ, ಅದು ಯಾರಿಗೆ ಹಿತವಾಗಲಿ ಅಹಿತವಾಗಲಿ, ಅದಕ್ಕೆ ನಿಷ್ಠರಾಗಿರಿ.

ಕಾಲ ಕೆಳಗಿನ ನೆಲದಿಂದಲೇ ಶುರುಮಾಡೋಣ. ಬೆಂಗಳೂರು ನಿಂತಿರುವುದು ಸುಮಾರು 300 ಕೋಟಿ ವರ್ಷ ಹಳೆಯದಾದ ನೈಸ್ ಶಿಲೆಯ ಮೇಲೆ. ಲಾಲ್‌ಬಾಗ್‌ನ ಬಂಡೆ ಅದರದೇ ತುಂಡು. ಈ ಬಂಡೆ ನಮ್ಮ ಬಿಸಿಲು ಮಳೆಗೆ ಸಿಕ್ಕಿ ಶಿಥಿಲವಾದಾಗ ಸೋಡಿಯಂ, ಕ್ಯಾಲ್ಸಿಯಂಗಳು ನೀರಿನ ಜೊತೆ ಹರಿದುಹೋಗುತ್ತವೆ. ಸಿಲಿಕಾದ ಒಂದು ಪಾಲೂ ಹೋಗುತ್ತದೆ. ಫೆಲ್ಡ್‌ಸ್ಪಾರ್ ಕೆಯೊಲಿನೈಟ್ ಎಂಬ ಜೇಡಿಯಾಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಜಾಗ ಬಿಡದೆ ಕೂರುತ್ತವೆ. ಪಾಯ ತೋಡಿದಾಗ ಕಾಣುವ ಕೆಂಪು ಆ ಕಬ್ಬಿಣದ ಆಕ್ಸೈಡ್‌ಗಳದು. ಇದೇ ಕ್ರಿಯೆ ಹೆಚ್ಚು ಮಳೆಯಲ್ಲಿ, ದೀರ್ಘಕಾಲ ನಡೆದರೆ ಕರಾವಳಿಯ ಜಂಬಿಟ್ಟಿಗೆ ಕಲ್ಲು ಸಿಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಆ ಕಲ್ಲನ್ನು ಕಂಡು 1807ರ ತನ್ನ ಪುಸ್ತಕದಲ್ಲಿ ವಿವರಿಸಿದ ಮೇಲೆಯೇ ಅದು ಲ್ಯಾಟರೈಟ್ ಎಂಬ ಹೆಸರಿನಲ್ಲಿ ಜಗತ್ತಿನ ಭೂವಿಜ್ಞಾನಕ್ಕೆ ಪರಿಚಯವಾಯಿತು.

ಇದನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಲೆಂದು ಹೇಳುತ್ತಿಲ್ಲ. ನೀವು ಬಳಸುವ ಬಹುಪಾಲು ವಿಧಾನಗಳು ಹುಟ್ಟಿದ್ದು ತಂಪು ನಾಡುಗಳಲ್ಲಿ, ನಮ್ಮಂಥ ಮಣ್ಣನ್ನು ಮುಂದಿಟ್ಟುಕೊಂಡಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಶೇಕಡಾ 5 ಇದ್ದರೆ, ಅದು ಕಿಲೋಗೆ 50,000 ಮಿಲಿಗ್ರಾಂ ಆಯಿತು. ಅದೇ ಮಣ್ಣಿನಲ್ಲಿ ನೀವು ಹುಡುಕುವ ಕ್ಯಾಡ್ಮಿಯಂ ಕಿಲೋಗೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಇರಬಹುದು. ಇಷ್ಟು ಕಬ್ಬಿಣದ ನಡುವೆ ಅಷ್ಟು ಕ್ಯಾಡ್ಮಿಯಂ ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು. ಯಂತ್ರ ಅದನ್ನು ಕೇಳುವುದಿಲ್ಲ.

ನಮ್ಮ ಪಕ್ಕದ ಪೀಣ್ಯದ ಕ್ರೋಮಿಯಂ ಪ್ರಕರಣವನ್ನೇ ನೋಡಿ. ಲೋಹಕ್ಕೆ ಹೊಳಪು ಕೊಡುವ ಕ್ರೋಮ್ ಪ್ಲೇಟಿಂಗ್ ತೊಟ್ಟಿಗಳಲ್ಲಿ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿನಲ್ಲಿ ಸರಾಗವಾಗಿ ಇಳಿಯುತ್ತದೆ, ಕ್ಯಾನ್ಸರ್‌ಕಾರಕ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳ ಮಾಲಿನ್ಯವನ್ನು ಅಳೆದು ಪಟ್ಟಿ ಮಾಡಿದಾಗ ಪೀಣ್ಯವೂ ಅದರಲ್ಲಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಕ್ರೋಮಿಯಂ ಲೀಟರ್‌ಗೆ 0.05 ಮಿಲಿಗ್ರಾಂ ಮೀರಬಾರದು.

ಈಗ ಹಾಸನ ಜಿಲ್ಲೆಗೆ ಹೋಗಿ. ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಗಣಿಯೇ ಇದೆ. ಅಲ್ಲಿನ ಮಣ್ಣಿನಲ್ಲಿ ಕ್ರೋಮಿಯಂ ಹೆಚ್ಚಿದ್ದರೆ ಅದಕ್ಕೆ ಯಾವ ಕಾರ್ಖಾನೆಯೂ ಬೇಕಿಲ್ಲ. ಅದರ ಹೆಚ್ಚಿನ ಪಾಲು ಹರಳಿನೊಳಗೆ ಟ್ರೈವೇಲೆಂಟ್ ರೂಪದಲ್ಲಿ ಗಟ್ಟಿಯಾಗಿ ಬಂಧಿಯಾಗಿರುತ್ತದೆ. ಎರಡು ಊರಿನ ಮಣ್ಣಿನಲ್ಲೂ ಒಟ್ಟು ಕ್ರೋಮಿಯಂ ಒಂದೇ ಅಂಕಿ ಬರಬಹುದು. ಒಂದು ಕಡೆ ಅದು ಬಂಡೆಯ ಸ್ವಭಾವ, ಇನ್ನೊಂದು ಕಡೆ ಬಾವಿಗೆ ಬಂದ ವಿಷ. ಇದನ್ನು ಬೇರ್ಪಡಿಸಲು ನಿಮಗೆ ಎರಡು ಸಂಗತಿ ಗೊತ್ತಿರಬೇಕು: ಆ ಜಾಗದ ಬಂಡೆಯಲ್ಲಿ ಸಹಜವಾಗಿ ಎಷ್ಟಿರುತ್ತದೆ, ಮತ್ತು ಸಿಕ್ಕ ಲೋಹ ಯಾವ ರೂಪದಲ್ಲಿದೆ. ನಮ್ಮ ನೈಸ್‌ನಲ್ಲಿ ಕ್ರೋಮಿಯಂ ಕಡಿಮೆ. ಆದರೆ ಅದರ ನಡುವೆ ಕಪ್ಪು ಡೊಲೆರೈಟ್ ಡೈಕ್ ಹಾದುಹೋಗಿದ್ದರೆ ಅಲ್ಲಿ ಕ್ರೋಮಿಯಂ, ನಿಕಲ್ ಎರಡೂ ಏರಿರುತ್ತವೆ. ನಕ್ಷೆ ನೋಡದೆ ಯಾರ ಮೇಲೂ ಬೆರಳು ತೋರಿಸಬೇಡಿ. ನಕ್ಷೆ ನೋಡಿದ ಮೇಲೆ ತೋರಿಸಬೇಕಾದ ಬೆರಳನ್ನು ಮಡಚಲೂ ಬೇಡಿ.

ರೂಪವನ್ನು ಅಳೆಯುವುದಕ್ಕೆ ಬೇರೆಯದೇ ಎಚ್ಚರ ಬೇಕು. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಡೈಫಿನೈಲ್ ಕಾರ್ಬಜೈಡ್ ಹಾಕಿದರೆ ನೇರಳೆ ಬಣ್ಣ ಏಳುತ್ತದೆ, 540 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಇದು ಎಲ್ಲರಿಗೂ ಗೊತ್ತು. ಆದರೆ ಮಣ್ಣನ್ನು ಆಮ್ಲದಲ್ಲಿ ಕರಗಿಸಹೊರಟರೆ ಅದರಲ್ಲಿನ ಸಾವಯವ ವಸ್ತುವೂ ಕಬ್ಬಿಣವೂ ಸೇರಿ ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಮಾಡಿಬಿಡುತ್ತವೆ. ಅಳೆಯಲು ಹೊರಟ ವಿಷ ನಿಮ್ಮ ಬೀಕರ್‌ನಲ್ಲೇ ಮಾಯ. ಅದಕ್ಕಾಗಿಯೇ ಕ್ಷಾರದಲ್ಲಿ, ಸೋಡಿಯಂ ಕಾರ್ಬೊನೇಟ್ ಮತ್ತು ಹೈಡ್ರಾಕ್ಸೈಡ್‌ಗಳಲ್ಲಿ ಬಿಸಿಮಾಡಿ ಹೊರತೆಗೆಯುವ ವಿಧಾನ ಇರುವುದು. ಇದರ ಉಲ್ಟಾ ಕೂಡ ಸಾಧ್ಯ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಟ್ರೈವೇಲೆಂಟ್ ಕ್ರೋಮಿಯಂ ಅನ್ನು ಹೆಕ್ಸಾವೇಲೆಂಟ್ ಮಾಡಬಲ್ಲದು ಎಂದು ಬಾರ್ಟ್ಲೆಟ್ ಮತ್ತು ಜೇಮ್ಸ್ 1979ರಲ್ಲಿ ತೋರಿಸಿದರು. ಮ್ಯಾಂಗನೀಸ್ ಇರುವ ನಮ್ಮಂಥ ಮಣ್ಣುಗಳಲ್ಲಿ ಈ ಪಾಠವನ್ನು ಮರೆಯುವಂತಿಲ್ಲ.

ಇನ್ನು ಮಾದರಿ ತೆಗೆಯುವ ಮಾತು. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಹೊಲಕ್ಕೆ ಈ ನ್ಯಾಯ ಸಲ್ಲದು. ಹತ್ತು ಹೆಜ್ಜೆಗೆ ಮಣ್ಣು ಬೇರೆ. ಬದುವಿನ ಬಳಿ, ಮರದ ಬುಡದಲ್ಲಿ, ಗೊಬ್ಬರದ ಗುಂಡಿಯ ಪಕ್ಕ ತೆಗೆಯಬೇಡಿ. ಹೊಲದ ಉದ್ದಗಲ ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆತ್ತಿಕೊಳ್ಳಿ. ಎಲ್ಲವನ್ನೂ ಬೆರೆಸಿ, ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡುತ್ತಾ ಹೋಗಿ. ನೆರಳಲ್ಲಿ ಒಣಗಿಸಿ.

ಸತು ಅಳೆಯುವ ಮಣ್ಣನ್ನು ಜಿಂಕ್ ಲೇಪದ ಬಕೆಟ್‌ನಲ್ಲಿ ತಂದರೆ ನೀವು ಬಕೆಟ್ಟನ್ನು ಅಳೆಯುತ್ತೀರಿ. ಹಿತ್ತಾಳೆ ಜರಡಿ ತಾಮ್ರವನ್ನೂ ಸತುವನ್ನೂ ಸೇರಿಸುತ್ತದೆ, ರಬ್ಬರ್ ಬಿರಡೆಯಲ್ಲೂ ಸತು ಇರುತ್ತದೆ, ಕಲ್ಲು ಒಡೆಯುವ ಉಕ್ಕಿನ ಯಂತ್ರ ಕಬ್ಬಿಣ ಮತ್ತು ಕ್ರೋಮಿಯಂ ಬಿಡುತ್ತದೆ, ಟಂಗ್‌ಸ್ಟನ್ ಕಾರ್ಬೈಡ್ ಅರೆಯುವ ಪಾತ್ರೆ ಕೋಬಾಲ್ಟ್ ಕೊಡುತ್ತದೆ. ಹಾಗಾಗಿ ಪ್ಲಾಸ್ಟಿಕ್ ಬಕೆಟ್, ನೈಲಾನ್ ಜರಡಿ, ಅಗೇಟ್ ಕಲ್ಲಿನ ಕುಟ್ಟಾಣಿ. ಯಾವ ಲೋಹಕ್ಕಾಗಿ ಹೊರಟಿದ್ದೀರಿ ಎಂಬುದನ್ನು ಹೊಲಕ್ಕೆ ಹೋಗುವ ಮೊದಲೇ ತಿಳಿದುಕೊಂಡು ಸಾಮಾನು ಕಟ್ಟಿಕೊಳ್ಳಿ. ಚೀಲದ ಮೇಲೆ ಜಾಗ, ಆಳ, ದಿನಾಂಕ, ತೆಗೆದವರ ಹೆಸರು ಬರೆಯದ ಮಾದರಿಯನ್ನು ಒಳಗೆ ಬಿಟ್ಟುಕೊಳ್ಳಬೇಡಿ.

ಕರಗಿಸುವಾಗ ‘ಒಟ್ಟು’ ಎಂಬ ಮಾತನ್ನು ಎಚ್ಚರದಿಂದ ಬಳಸಿ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ಆಕ್ವಾ ರೀಜಿಯಾ ಚಿನ್ನವನ್ನೇ ಕರಗಿಸುತ್ತದೆ, ಆದರೆ ಸಿಲಿಕೇಟ್ ಹರಳುಗಳ ಗರ್ಭಕ್ಕೆ ಇಳಿಯದು. ಅದಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಕ್ರೋಮೈಟ್ ಅದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ, ಸೋಡಿಯಂ ಪೆರಾಕ್ಸೈಡ್ ಜೊತೆ ಕರಗಿಸಿ ಬೆಸೆಯಬೇಕು. ತಳದಲ್ಲಿ ಕಪ್ಪು ಪುಡಿ ಉಳಿದಿರುವಾಗ ಸೋಸಿ ಚೆಲ್ಲಿ, ವರದಿಯಲ್ಲಿ ‘ಒಟ್ಟು ಕ್ರೋಮಿಯಂ’ ಎಂದು ಬರೆಯುವುದು ಸುಳ್ಳು. ಯಾವ ಆಮ್ಲದಲ್ಲಿ ಕರಗಿತೋ ಅದನ್ನು ಬರೆಯಿರಿ, ತಪ್ಪೇನಿಲ್ಲ. ಓದುವವರು ಅರ್ಥ ಮಾಡಿಕೊಳ್ಳುತ್ತಾರೆ.

ರೈತನ ಹೊಲಕ್ಕೆ ಒಟ್ಟು ಲೋಹದ ಅಂಕಿ ಉಪಯೋಗಕ್ಕೆ ಬಾರದು. ಮಣ್ಣಿನಲ್ಲಿ ಕಿಲೋಗೆ 50 ಮಿಲಿಗ್ರಾಂ ಸತು ಇದ್ದೂ ಬೆಳೆ ಸತುವಿಲ್ಲದೆ ಸೊರಗಬಹುದು. ಬೇರಿಗೆ ಎಷ್ಟು ಸಿಗುತ್ತದೆ ಎಂಬುದೇ ಮುಖ್ಯ. ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ಡಿಟಿಪಿಎ ವಿಧಾನ ಅದನ್ನೇ ಅಂದಾಜು ಮಾಡುತ್ತದೆ. ಅದರಲ್ಲಿ ಸತು 0.6 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ ಎಂದು ಸಾಮಾನ್ಯವಾಗಿ ಲೆಕ್ಕ. ರಂಜಕದ ಕಥೆಯೂ ಹಾಗೆಯೇ. ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳು ರಂಜಕವನ್ನು ಹಿಡಿದು ಬಿಡುವುದಿಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಬ್ರೇ ವಿಧಾನ, ಧಾರವಾಡ, ವಿಜಯಪುರದ ಸುಣ್ಣ ತುಂಬಿದ ಎರೆ ಮಣ್ಣಿಗೆ ಓಲ್ಸನ್ ವಿಧಾನ. ಎರಡನ್ನೂ ಅದಲುಬದಲು ಮಾಡಿದರೆ ಯಂತ್ರ ಚಕಾರವೆತ್ತದೆ ಅಂಕಿ ಕೊಡುತ್ತದೆ, ರೈತ ಬೇಡದ ಗೊಬ್ಬರಕ್ಕೆ ದುಡ್ಡು ಸುರಿಯುತ್ತಾನೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಜೊತೆ ಶುರುಮಾಡಿದ ಭೂಚೇತನ ಯೋಜನೆ ನಿಂತದ್ದು ಮಣ್ಣು ಪರೀಕ್ಷೆಯ ಮೇಲೆಯೇ. ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿದೆ ಎಂದು ಅದರಿಂದ ತಿಳಿಯಿತು. 2015ರಲ್ಲಿ ಕೇಂದ್ರ ಸರ್ಕಾರ ತಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಆ ಹನ್ನೆರಡು ಖಾನೆ ತುಂಬುವ ಕೈ ನಿಮ್ಮದಾಗಬಹುದು.

ಈಗ ಯಂತ್ರದ ಬಳಿ ಬರೋಣ. 1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಪರಮಾಣು ಹೀರಿಕೆಯಿಂದ ಲೋಹ ಅಳೆಯುವ ದಾರಿಯನ್ನು ಪ್ರಕಟಿಸಿದ ಮೇಲೆ ನಮ್ಮ ಕೆಲಸದ ವೇಗವೇ ಬದಲಾಯಿತು. ಇಂದು ಆರ್ಗಾನ್ ಪ್ಲಾಸ್ಮಾದ ಐಸಿಪಿ ಯಂತ್ರ ಒಂದೇ ಓಟದಲ್ಲಿ ಹತ್ತಾರು ಧಾತು ಓದುತ್ತದೆ. ಅದರ ವೇಗವನ್ನು ಕಂಡು ಬೆರಗಾಗಿ. ಆದರೆ ಅದು ಎಲ್ಲಿ ಮೋಸ ಹೋಗುತ್ತದೆ ಎಂದೂ ಕಲಿಯಿರಿ. ಕ್ಯಾಡ್ಮಿಯಂನ 228.802 ನ್ಯಾನೋಮೀಟರ್ ರೇಖೆಗೆ ಅಂಟಿಕೊಂಡೇ ಆರ್ಸೆನಿಕ್‌ನ 228.812 ರೇಖೆ ಇದೆ. ಆರ್ಸೆನಿಕ್ ಹೆಚ್ಚಿರುವ ಮಣ್ಣಿನಲ್ಲಿ ಇಲ್ಲದ ಕ್ಯಾಡ್ಮಿಯಂ ಕಾಣಿಸಬಹುದು. ಐಸಿಪಿ-ಎಂಎಸ್‌ನಲ್ಲಿ ಆರ್ಸೆನಿಕ್‌ನ ದ್ರವ್ಯರಾಶಿ 75. ಪ್ಲಾಸ್ಮಾದ ಆರ್ಗಾನ್ 40, ನಿಮ್ಮ ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರಿನ್ 35, ಕೂಡಿದರೆ 75. ನೀವೇ ಹಾಕಿದ ಆಮ್ಲ ಆರ್ಸೆನಿಕ್ ವೇಷ ಹಾಕಿ ಕುಣಿಯುತ್ತದೆ. ಯಂತ್ರದ ಡಿಕ್ಕಿಯ ಕೋಶದಲ್ಲಿ (ಕೊಲಿಷನ್ ಸೆಲ್) ಹೀಲಿಯಂ ಬಳಸಿ ಇದನ್ನು ತಡೆಯಬಹುದು, ಆದರೆ ತಡೆಯಬೇಕೆಂದು ನಿಮಗೆ ಹೊಳೆಯಬೇಕಲ್ಲ!

ಹಳೆಯ ಕೈಗೆಲಸದವರಿಂದಲೂ ಒಂದು ಶಿಸ್ತನ್ನು ಕಡ ತನ್ನಿ. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ನೇತೃತ್ವದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದ ಕಾಲದಲ್ಲಿ ತಕ್ಕಡಿ, ಕುಲುಮೆ, ಬೀಕರ್‌ಗಳೇ ರಸಾಯನಜ್ಞರ ಬಂಡವಾಳ. ಒಂದು ಕಲ್ಲಿನ ಎಲ್ಲ ಆಕ್ಸೈಡ್‌ಗಳನ್ನು ದಿನಗಟ್ಟಲೆ ಕೂತು ಒಂದೊಂದಾಗಿ ತೂಗಿ ಕೊನೆಗೆ ಕೂಡಿಸಿದಾಗ ನೂರರ ಹತ್ತಿರ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ. ಎಕ್ಸ್‌ಆರ್‌ಎಫ್ ಬಂದ ಮೇಲೂ ಈ ಕೂಡುಲೆಕ್ಕ ಬಿಡಬೇಡಿ. ನಮ್ಮ ಮಣ್ಣಿನಲ್ಲಿ ಕಾಯಿಸಿದಾಗ ಹೋಗುವ ತೂಕವನ್ನು ಮರೆತರೆ ಲೆಕ್ಕ ಕೂಡುವುದೇ ಇಲ್ಲ, ಏಕೆಂದರೆ ಶುದ್ಧ ಕೆಯೊಲಿನೈಟ್‌ನ ತೂಕದಲ್ಲೇ ಸುಮಾರು ಶೇಕಡಾ 14ರಷ್ಟು ನೀರಿದೆ.

ಎಂಥ ದೊಡ್ಡ ಪ್ರಯೋಗಾಲಯವೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು ಎಂಬುದಕ್ಕೆ ಒಂದು ಚರಿತ್ರೆ ಇದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಜಿ-1 ಎಂಬ ಗ್ರಾನೈಟ್ ಪುಡಿಯನ್ನೂ ಡಬ್ಲ್ಯು-1 ಎಂಬ ಡಯಾಬೇಸ್ ಪುಡಿಯನ್ನೂ ಹೆಸರಾಂತ ಹಲವು ಪ್ರಯೋಗಾಲಯಗಳಿಗೆ ಹಂಚಿ, ಬಂದ ಫಲಿತಾಂಶಗಳನ್ನು 1951ರಲ್ಲಿ ಪ್ರಕಟಿಸಿತು. ಒಂದೇ ಪುಡಿಗೆ ಬಂದ ಉತ್ತರಗಳು ಯಾರೂ ಊಹಿಸದಷ್ಟು ಚದುರಿಹೋಗಿದ್ದವು. ಅವರು ಅದನ್ನು ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದರು. ಪ್ರಮಾಣೀಕೃತ ಮಾದರಿಗಳ ಇಂದಿನ ಪದ್ಧತಿ ಬೆಳೆದದ್ದು ಅಂಥ ಪ್ರಾಮಾಣಿಕತೆಯಿಂದ. ಆದ್ದರಿಂದ ಪ್ರತಿ ಸರದಿಯಲ್ಲೂ ಬರಿಯ ಆಮ್ಲದ ಒಂದು ಬ್ಲಾಂಕ್, ಒಂದೇ ಮಣ್ಣಿನ ಎರಡು ಪ್ರತ್ಯೇಕ ತೂಕ, ಉತ್ತರ ಗೊತ್ತಿರುವ ಒಂದು ಪ್ರಮಾಣೀಕೃತ ಮಾದರಿ ಇರಲೇಬೇಕು. ಆ ಮಾದರಿ ನಮ್ಮ ಮಣ್ಣಿನಂತೆ ಕಬ್ಬಿಣ ಹೆಚ್ಚಿರುವುದೇ ಆಗಿರಲಿ. ಇವು ಸರಿ ಬಾರದ ದಿನ ವರದಿ ಹೊರಗೆ ಹೋಗಕೂಡದು, ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಸರಿ.

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾವನ್ನು ನೆನೆಯಿರಿ. ಅಲ್ಲಿನ ಮಂಗಳೂರು (ಕರಾವಳಿಯ ಮಂಗಳೂರಲ್ಲ) ಗ್ರೀನ್‌ಸ್ಟೋನ್ ಶಿಲಾಪಟ್ಟಿಯ ಹಳೆಯ ಚಿನ್ನದ ಗಣಿ ಪ್ರದೇಶದ ಊರು ಅದು. ಆ ಬಂಡೆಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಖನಿಜವೂ ಇದೆ. ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತು ಮೂಡಿತ್ತು, ಕ್ಯಾನ್ಸರ್ ಕೂಡ ಕಂಡಿತ್ತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದೆ ಎಂದು ಹೇಳಿದ್ದು ಪ್ರಯೋಗಾಲಯದ ಅಂಕಿ. 2013ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ವಿವರವಾಗಿ ದಾಖಲಿಸಿತು. ನೋಟಕ್ಕೆ ತಿಳಿಯಾಗಿದ್ದ, ರುಚಿ ಬದಲಾಗದ ಆ ನೀರಿನ ಬಗ್ಗೆ ಬೇರೆ ಯಾವ ಸಾಕ್ಷಿಯೂ ಮಾತಾಡುತ್ತಿರಲಿಲ್ಲ.

ಇನ್ನೊಂದು ಕಡೆ ಬಳ್ಳಾರಿ, ಸಂಡೂರು ಇವೆ. ಕಬ್ಬಿಣದ ಅದಿರಿನ ಬೆಲೆಯೂ ಸರ್ಕಾರಕ್ಕೆ ಬರುವ ರಾಜಧನವೂ ನಿಂತಿರುವುದು ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟು ಎಂಬುದರ ಮೇಲೆ. ಅಂಕಿಯಲ್ಲಿ ಎರಡು ಮೂರು ಇಳಿಸಿದರೆ ರೈಲುಗಟ್ಟಲೆ ಅದಿರಿನ ಮೇಲೆ ಎಷ್ಟು ಹಣ ಕೈಬದಲಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಹಾಗಾಗಿ ಒಂದಲ್ಲ ಒಂದು ದಿನ ಯಾರೋ ನಿಮ್ಮ ಬಳಿ ಬಂದು, ಸ್ವಲ್ಪ ನೋಡಿ ಬರೆಯಿರಿ ಎಂದು ಕೇಳುತ್ತಾರೆ. ನಯವಾಗಿ ಕೇಳುತ್ತಾರೆ, ನಿಮ್ಮ ಮನೆಯ ಕಷ್ಟ ವಿಚಾರಿಸುತ್ತಲೇ ಕೇಳುತ್ತಾರೆ. ಉತ್ತರವನ್ನು ಇವತ್ತೇ ಗಟ್ಟಿಮಾಡಿಕೊಳ್ಳಿ. ಆಗುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿ. ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಿರಿ. ತಿದ್ದಬೇಕಾದರೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ದಿನಾಂಕದೊಂದಿಗೆ ಸಹಿ ಮಾಡಿ. ಆ ಪುಸ್ತಕವೇ ನಾಳೆ ನಿಮ್ಮ ಪರ ನಿಲ್ಲುತ್ತದೆ. ಅಂಥ ಒತ್ತಡ ಮೇಲಿನವರಿಂದಲೇ ನಿತ್ಯ ಬರುವ ಕಡೆ ಕೆಲಸ ಬಿಡುವುದು ನಷ್ಟವಲ್ಲ.

ನಿಮ್ಮ ಮೈ ಜೋಪಾನ. ಇದನ್ನು ಅಪ್ಪ ಅಮ್ಮನ ಜಾಗದಲ್ಲಿ ನಿಂತು ಹೇಳುತ್ತಿದ್ದೇನೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಹಿಡಿಯುತ್ತದೆ. ನೋವು ಎಷ್ಟೋ ಸಲ ತಡವಾಗಿ ಬರುತ್ತದೆ, ಅಷ್ಟರಲ್ಲಿ ಅನಾಹುತ ಆಗಿರುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವಂತೆ ಇಲ್ಲದ ಕಡೆ ಆ ಬಾಟಲಿ ತೆರೆಯಬೇಡಿ, ಒಬ್ಬರೇ ಇರುವಾಗಲಂತೂ ಬೇಡವೇ ಬೇಡ. ಸಾವಯವ ವಸ್ತು ತುಂಬಿದ ಮಣ್ಣಿಗೆ ನೇರವಾಗಿ ಪರ್‌ಕ್ಲೋರಿಕ್ ಆಮ್ಲ ಹಾಕಿದರೆ ಸಿಡಿಯಬಹುದು, ಮೊದಲು ನೈಟ್ರಿಕ್‌ನಲ್ಲಿ ಅದನ್ನು ಸುಟ್ಟುಕೊಳ್ಳಿ. ಫ್ಯೂಮ್ ಹುಡ್ ಕೆಟ್ಟಿದ್ದರೆ ಕೆಲಸ ನಿಲ್ಲಿಸುವ ಹಕ್ಕು ನಿಮಗಿದೆ. ಉಳಿದ ಆಮ್ಲವನ್ನು ಸಿಂಕಿಗೆ ಸುರಿಯಬೇಡಿ. ನಮ್ಮ ಚರಂಡಿಗಳ ನೀರು ಸೇರುವ ವೃಷಭಾವತಿ ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಹೋಗುತ್ತದೆ, ಅಲ್ಲಿ ಅದೇ ನೀರಿನಲ್ಲಿ ಹುಲ್ಲು, ತರಕಾರಿ ಬೆಳೆಯುತ್ತಾರೆ. ಮಾಲಿನ್ಯ ಅಳೆಯುವವರೇ ಅದಕ್ಕೆ ಒಂದು ಲೋಟ ಸೇರಿಸಬಾರದು.

ವರದಿ ಕೊಟ್ಟ ಮೇಲೆ ನಿಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಬೋರ್‌ವೆಲ್ ನೀರಿನ ಚೀಟಿ ಹಿಡಿದು ಬಂದ ಅಮ್ಮನಿಗೆ ಕನ್ನಡದಲ್ಲಿ ಕೂತು ಹೇಳಿ: ಈ ನೀರು ಕುಡಿಯಬಹುದು, ಅಥವಾ ಬೇಡ, ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಈ ಒಂದು ಮಾತನ್ನು ಯಾರೂ ಹೇಳದೆ ಎಷ್ಟೋ ಮನೆಗಳಲ್ಲಿ ಕುದಿಸಿ ಆರಿಸಿ ನೆಮ್ಮದಿಯಾಗಿದ್ದಾರೆ.

ದಾರಿಗಳು ಬೇಕಾದಷ್ಟಿವೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯಲ್ಲಿ ಭೂವಿಜ್ಞಾನಿಗಳ ಜೊತೆಗೆ ರಸಾಯನಜ್ಞರ ಹುದ್ದೆಗಳೂ ಇರುತ್ತವೆ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರಗಳು, ಮಾಲಿನ್ಯ ನಿಯಂತ್ರಣ ಮಂಡಳಿ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಎಲ್ಲೆಡೆ ಈ ವಿದ್ಯೆಗೆ ಕೆಲಸವಿದೆ. ಅದಕ್ಕೆ ಕಾಯದೆ ಈಗಲೇ ಒಂದು ಕೆಲಸ ಶುರುಮಾಡಿ. ನಾಲ್ಕೈದು ಜನ ಸೇರಿ, ನಿಮ್ಮ ಅಧ್ಯಾಪಕರ ಮಾರ್ಗದರ್ಶನದಲ್ಲಿ, ಹೆಗ್ಗನಹಳ್ಳಿಯ ಸುತ್ತ ಕಾರ್ಖಾನೆ ಮುಟ್ಟದ ಮಣ್ಣು ಎಲ್ಲಿ ಉಳಿದಿದೆ ಹುಡುಕಿ, ಶಾಸ್ತ್ರೋಕ್ತವಾಗಿ ಮಾದರಿ ತೆಗೆದು, ನಮ್ಮ ನೆಲದ ಸಹಜ ಕ್ರೋಮಿಯಂ, ಸೀಸ, ನಿಕಲ್, ಸತುವಿನ ಪಟ್ಟಿ ಮಾಡಿ. ಸಹಜ ಎಷ್ಟು ಎಂದು ತಿಳಿಯದೆ ಹೆಚ್ಚಾಗಿದೆ ಎಂದು ಯಾವ ನ್ಯಾಯಾಲಯದ ಮುಂದೆಯೂ ಸಾಧಿಸಲಾಗದು. ಆ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ನಾಳೆ ಈ ಬಡಾವಣೆಗೆ ಅದು ದೊಡ್ಡ ಆಸರೆ.

ನಿಮ್ಮ ವರದಿಯನ್ನು ಓದಿ ಪರಿಶೀಲಿಸಬಲ್ಲವರು ಊರಿಗೆ ಒಬ್ಬರೂ ಇರಲಿಕ್ಕಿಲ್ಲ, ಅದನ್ನು ನಂಬಿ ನೀರು ಕುಡಿಯುವವರು, ಗೊಬ್ಬರ ಹಾಕುವವರು ಸಾವಿರ ಜನ. ಅವರು ನಂಬುವುದು ನಿಮ್ಮ ಯಂತ್ರವನ್ನಲ್ಲ, ನಿಮ್ಮ ಸಹಿಯನ್ನು. ಆ ನಂಬಿಕೆಗೆ ತಕ್ಕ ಹಾಗೆ ಪ್ರತಿ ಮಾದರಿಯನ್ನೂ ನಡೆಸಿಕೊಳ್ಳಿ. ನಿಮಗೆ ಒಳ್ಳೆಯದಾಗಲಿ.